ಐವತ್ತು ತುಂಬಿದವರಿಗೆ ಮಾತ್ರ ಪ್ರವೇಶ

2006ರ ಫೆಬ್ರುವರಿ 24ರಂದು, ಇಟಲಿಯ ಟುರಿನ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕೆನಡಾದ ಪುರುಷರ ಕರ್ಲಿಂಗ್ ತಂಡ ಫಿನ್ಲೆಂಡನ್ನು 10–4ರಿಂದ ಸೋಲಿಸಿ ಚಿನ್ನ ಗೆದ್ದಿತು. ತಂಡದ ನಾಯಕ ಬ್ರಾಡ್ ಗುಶೂಗೆ ಆಗ 25 ವರ್ಷ. ಐಸ್ ಅಂಗಳದ ಆಚೆ ತುದಿಯಲ್ಲಿ ನಿಂತು, ಯಾವ ಕಲ್ಲನ್ನು ಎಲ್ಲಿಗೆ ಬಿಡಬೇಕೆಂದು ಪೊರಕೆ ಊರಿ ತೋರಿಸುತ್ತಿದ್ದವರು ರಸ್ ಹೊವಾರ್ಡ್. ಅವರಿಗೆ ಐದು ದಿನದ ಹಿಂದಷ್ಟೇ, ಕ್ರೀಡಾಕೂಟದ ನಡುವೆಯೇ, ಐವತ್ತು ತುಂಬಿತ್ತು. ಗುಶೂ ಅವರ ನಾಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮಕ್ಕಳು ಈ ಪಂದ್ಯ ನೋಡಲೆಂದೇ ಆ ಮಧ್ಯಾಹ್ನ ಶಾಲೆಗಳಿಗೆ ರಜೆ ಕೊಟ್ಟಿದ್ದರು.

ಕರ್ಲಿಂಗ್‌ನಲ್ಲಿ ಐವತ್ತು ಎಂಬುದು ಒಂದು ಗಡಿ. ಅದನ್ನು ದಾಟಿದವರು ಲೆಕ್ಕದ ಪ್ರಕಾರ ‘ಸೀನಿಯರ್’. ಅವರಿಗೆಂದೇ ಕೆನಡಾದಲ್ಲಿ ಪ್ರತ್ಯೇಕ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇದೆ; ಅದಕ್ಕೆ ಅರವತ್ತು ವರ್ಷಗಳ ಇತಿಹಾಸವೂ ಇದೆ. ಇಲ್ಲೊಂದು ಪ್ರಶ್ನೆ ಏಳುತ್ತದೆ. ಐವತ್ತು ತುಂಬಿದವರೊಬ್ಬರು ಒಲಿಂಪಿಕ್ ಚಿನ್ನವನ್ನೇ ಗೆಲ್ಲಬಹುದಾದ ಆಟದಲ್ಲಿ ಹಿರಿಯರಿಗೆ ಬೇರೆ ಪಂದ್ಯಾವಳಿ ಯಾಕೆ ಬೇಕು? ವಯಸ್ಸಾದವರ ಮನಸ್ಸಂತೋಷಕ್ಕೆಂದು ಇಟ್ಟ ಸಮಾಧಾನಕರ ಬಹುಮಾನವೇ ಅದು? ಉತ್ತರ ಸಿಗಬೇಕಾದರೆ ಮೊದಲು ಆಟವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಕರ್ಲಿಂಗ್ ಆಡುವುದು ಸುಮಾರು 45 ಮೀಟರ್ ಉದ್ದ, 5 ಮೀಟರ್ ಅಗಲದ ಐಸ್ ಪಟ್ಟಿಯ ಮೇಲೆ. ಎರಡೂ ತುದಿಗಳಲ್ಲಿ ಒಂದರೊಳಗೊಂದು ವೃತ್ತಗಳಿರುತ್ತವೆ. ಈ ವೃತ್ತಗಳ ಗುಂಪಿಗೆ ‘ಹೌಸ್’ ಎಂದು ಹೆಸರು. ಅತಿ ಹೊರಗಿನ ವೃತ್ತದ ವ್ಯಾಸ 12 ಅಡಿ. ನಟ್ಟನಡುವಿನ ಪುಟ್ಟ ವೃತ್ತವೇ ‘ಬಟನ್’. ತಂಡಕ್ಕೆ ನಾಲ್ವರು, ಒಬ್ಬೊಬ್ಬರಿಗೆ ಎರಡೆರಡು ಕಲ್ಲು. ಎದುರಾಳಿಗಳು ಒಂದೊಂದಾಗಿ ಸರದಿಯ ಮೇಲೆ ಕಲ್ಲು ಬಿಡುತ್ತಾರೆ. ಹದಿನಾರೂ ಕಲ್ಲುಗಳು ಮುಗಿದರೆ ಒಂದು ‘ಎಂಡ್’. ಆಗ ಬಟನ್‌ಗೆ ಯಾರ ಕಲ್ಲು ಎಲ್ಲಕ್ಕಿಂತ ಹತ್ತಿರ ಇದೆಯೋ ಆ ತಂಡಕ್ಕೆ ಮಾತ್ರ ಅಂಕ. ಎದುರಾಳಿಯ ಅತಿ ಹತ್ತಿರದ ಕಲ್ಲಿಗಿಂತ ಒಳಗೆ ಅವರದು ಎಷ್ಟು ಕಲ್ಲುಗಳಿವೆಯೋ ಅಷ್ಟು ಅಂಕ. ಇನ್ನೊಂದು ತಂಡಕ್ಕೆ ಸೊನ್ನೆ. ದೊಡ್ಡ ಪಂದ್ಯಗಳಲ್ಲಿ ಹತ್ತು ಎಂಡ್, ಹಿರಿಯರ ಪಂದ್ಯಗಳಲ್ಲಿ ಎಂಟು.

ಕೇರಂ ಆಡಿದವರಿಗೆ ಈ ಆಟದ ಅರ್ಧ ಬುದ್ಧಿ ಆಗಲೇ ಬಂದಿರುತ್ತದೆ. ನಮ್ಮ ಕಾಯಿಯನ್ನು ಎಲ್ಲಿ ನಿಲ್ಲಿಸಬೇಕು, ಎದುರಾಳಿಯದನ್ನು ಯಾವ ಕೋನದಲ್ಲಿ ತಾಕಿಸಿ ಹೊರಹಾಕಬೇಕು, ಹೊಡೆದ ಮೇಲೆ ನಮ್ಮದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬ ಲೆಕ್ಕ ಎರಡರಲ್ಲೂ ಒಂದೇ ಜಾತಿಯದು. ಆದರೆ ಇಲ್ಲಿ ಕಾಯಿಯ ತೂಕ 17ರಿಂದ 20 ಕೆ.ಜಿ. ಗ್ರಾನೈಟ್. ಸಾಗಬೇಕಾದ ದಾರಿ ಮೂವತ್ತು ಮೀಟರಿಗೂ ಮಿಕ್ಕಿದ್ದು. ಜೊತೆಗೆ ಆ ಕಲ್ಲು ನೇರವಾಗಿ ಹೋಗುವುದೂ ಇಲ್ಲ. ಬಿಡುವಾಗ ಹಿಡಿಯನ್ನು ಸ್ವಲ್ಪ ತಿರುಗಿಸಿ ಬಿಟ್ಟರೆ, ತಿರುಗಿಸಿದ ದಿಕ್ಕಿಗೇ ನಿಧಾನವಾಗಿ ಬಾಗುತ್ತ ಸಾಗುತ್ತದೆ. ವೇಗ ಕುಗ್ಗಿದಷ್ಟೂ ಬಾಗು ಹೆಚ್ಚು. ಯಾಕೆ ಹೀಗೆ ಬಾಗುತ್ತದೆ ಎಂಬುದರ ಬಗ್ಗೆ ಭೌತವಿಜ್ಞಾನಿಗಳು ಇನ್ನೂ ಒಂದು ಮಾತಿಗೆ ಬಂದಿಲ್ಲ.

ಆ ಕಲ್ಲಿಗೂ ಒಂದು ಕುಲಗೋತ್ರ ಉಂಟು. ಒಲಿಂಪಿಕ್ಸ್‌ನಲ್ಲಿ ಬಳಸುವ ಕಲ್ಲುಗಳ ಗ್ರಾನೈಟ್ ಬರುವುದು ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿರುವ ಏಲ್ಸಾ ಕ್ರೇಗ್ ಎಂಬ ನಿರ್ಜನ ದ್ವೀಪದಿಂದ. ಅಲ್ಲಿನ ಒಂದು ಬಗೆಯ ಕಲ್ಲು ನೀರನ್ನು ಬಹುತೇಕ ಹೀರುವುದೇ ಇಲ್ಲ. ಹಾಗಾಗಿ ಹೆಪ್ಪುಗಟ್ಟುವ, ಕರಗುವ ಆಟದಲ್ಲಿ ಅದರ ಮೈ ಚಕ್ಕೆ ಏಳುವುದಿಲ್ಲ. ಕಲ್ಲಿನ ತಳಕ್ಕೆ ಅದೇ ಬೇಕು. ದ್ವೀಪ ಈಗ ಪಕ್ಷಿಧಾಮ, ಸಿಡಿಮದ್ದು ಹಚ್ಚುವಂತಿಲ್ಲ. 1851ರಿಂದ ಈ ಕಸುಬಿನಲ್ಲಿರುವ ಮಾಕ್ಲಿನ್ ಎಂಬ ಊರಿನ ಕಂಪನಿಯೊಂದು ಹಲವು ವರ್ಷಕ್ಕೊಮ್ಮೆ ಹೋಗಿ ಬಂಡೆ ತಂದು ಕಡೆಯುತ್ತದೆ. ಹೀಗೆ ಮಾಡಿದ ಕಲ್ಲು ದಶಕಗಟ್ಟಲೆ ಬಾಳಿಕೆ ಬರುತ್ತದೆ. ಕೆನಡಾದ ಎಷ್ಟೋ ಕ್ಲಬ್ಬುಗಳಲ್ಲಿ ಅಜ್ಜ ಆಡಿದ ಕಲ್ಲಿನಲ್ಲೇ ಮೊಮ್ಮಗಳೂ ಆಡುತ್ತಾಳೆ.

ಕಲ್ಲಿನಷ್ಟೇ ಮುಖ್ಯವಾದದ್ದು ಅದರ ಕೆಳಗಿನ ಐಸ್. ಸ್ಕೇಟಿಂಗ್ ಅಂಗಳದಂತೆ ಇದು ನುಣ್ಣಗಿರುವುದಿಲ್ಲ. ಪಂದ್ಯಕ್ಕೆ ಮುಂಚೆ ಅಂಗಳ ಸಿದ್ಧಪಡಿಸುವವರು ಬೆನ್ನಿಗೆ ಕ್ಯಾನು ಕಟ್ಟಿಕೊಂಡು, ಹಿಂದಕ್ಕೆ ಹೆಜ್ಜೆ ಇಡುತ್ತ, ನೀರಿನ ಹನಿಗಳನ್ನು ಚಿಮುಕಿಸುತ್ತ ಹೋಗುತ್ತಾರೆ. ಹನಿಗಳು ಬಿದ್ದಲ್ಲೇ ಹೆಪ್ಪುಗಟ್ಟಿ ಸಣ್ಣಸಣ್ಣ ಉಬ್ಬುಗಳಾಗುತ್ತವೆ. ಕಲ್ಲಿನ ತಳ ಬಟ್ಟಲಿನಂತೆ ಒಳಕ್ಕೆ ಬಾಗಿರುವುದರಿಂದ ಅದರ ಕಿರಿದಾದ ಅಂಚು ಮಾತ್ರ ಈ ಉಬ್ಬುಗಳನ್ನು ಮುಟ್ಟಿಕೊಂಡು ಜಾರುತ್ತದೆ. ಪಂದ್ಯ ಮುಂದುವರಿದಂತೆ ಉಬ್ಬುಗಳು ಸವೆಯುತ್ತವೆ. ಎಲ್ಲರೂ ಕಲ್ಲು ಬಿಡುವ ನಡುದಾರಿ ಬೇಗ ಸವೆದರೆ ಅಂಚುಗಳಲ್ಲಿ ತಡವಾಗಿ ಸವೆಯುತ್ತದೆ. ಮೊದಲ ಎಂಡ್‌ನಲ್ಲಿ ಬಟನ್ ಮೇಲೆ ನಿಂತ ಅದೇ ಹದದ ಕಲ್ಲು ಆರನೆಯ ಎಂಡ್‌ನಲ್ಲಿ ಅಲ್ಲಿ ನಿಲ್ಲುವುದಿಲ್ಲ.

ಈ ಬದಲಾವಣೆಯನ್ನು ಓದುವ ಕೆಲಸ ಸಾಮಾನ್ಯವಾಗಿ ತಂಡದ ‘ಸ್ಕಿಪ್’ನದು. ಸ್ಕಿಪ್ ಎಂದರೆ ನಾಯಕ ಅಥವಾ ನಾಯಕಿ. ಹೌಸ್‌ನಲ್ಲಿ ನಿಂತು, ಕಲ್ಲು ಎಷ್ಟು ಬಾಗುತ್ತದೆಂದು ಅಂದಾಜು ಮಾಡಿ, ಗುರಿಯಿಂದ ಅಷ್ಟು ಪಕ್ಕಕ್ಕೆ ಪೊರಕೆ ಹಿಡಿದು ತೋರಿಸುತ್ತಾರೆ. ಕಲ್ಲು ಹೊರಟ ಮೇಲೆ ಇಬ್ಬರು ಅದರ ಮುಂದೆ ಓಡುತ್ತ ಐಸನ್ನು ಉಜ್ಜುತ್ತಾರೆ. ಉಜ್ಜಿದರೆ ಮೇಲ್ಮೈ ತುಸು ಬಿಸಿಯಾಗಿ ಘರ್ಷಣೆ ಕಡಿಮೆಯಾಗುತ್ತದೆ. ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರವಾಗಿ ಹೋಗುತ್ತದೆ. ಯಾವಾಗ ಉಜ್ಜಬೇಕು, ಯಾವಾಗ ಬಿಡಬೇಕು ಎಂದು ಸ್ಕಿಪ್ ಕೂಗಿ ಹೇಳುತ್ತಾರೆ. ರಸ್ ಹೊವಾರ್ಡ್ ಅವರ ಕೂಗು ಎಷ್ಟು ಜೋರೆಂದರೆ ಅದು ಅವರ ಗುರುತೇ ಆಗಿಹೋಗಿತ್ತು.

ಇನ್ನೊಂದು ಸೂಕ್ಷ್ಮವೂ ಇದೆ. ಎಂಡ್‌ನ ಕೊನೆಯ ಕಲ್ಲು ಬಿಡುವ ಹಕ್ಕಿಗೆ ‘ಹ್ಯಾಮರ್’ ಎನ್ನುತ್ತಾರೆ. ಅಂಕ ಗಳಿಸಿದ ತಂಡ ಮುಂದಿನ ಎಂಡ್‌ನಲ್ಲಿ ಆ ಹಕ್ಕನ್ನು ಎದುರಾಳಿಗೆ ಬಿಟ್ಟುಕೊಡಬೇಕು. ಯಾರಿಗೂ ಅಂಕ ಬರದಿದ್ದರೆ ಹಕ್ಕು ಇದ್ದಲ್ಲೇ ಉಳಿಯುತ್ತದೆ. ಆದ್ದರಿಂದ ಒಂದೇ ಅಂಕ ಸಿಗುವಂತಿದ್ದರೆ ಎಷ್ಟೋ ಸಲ ಜಾಣ ಸ್ಕಿಪ್ ಕೊನೆಯ ಕಲ್ಲನ್ನು ಬೇಕೆಂದೇ ಹೌಸ್ ದಾಟಿಸಿ ಹೊರಗೆ ಕಳಿಸುತ್ತಾರೆ. ಇವತ್ತಿನ ಒಂದಕ್ಕಿಂತ ನಾಳೆಯ ಎರಡು ಮೇಲು ಎಂಬ ಲೆಕ್ಕ ಅದು. ಹೊಸ ಪ್ರೇಕ್ಷಕ ‘ಅಯ್ಯೋ, ತಪ್ಪಿತು’ ಎಂದುಕೊಳ್ಳುತ್ತಾನೆ, ಬಲ್ಲವನು ತಲೆದೂಗುತ್ತಾನೆ.

ಆಟದ ಒಳಗಿನ ವ್ಯವಹಾರ ಹೀಗಿರುವಾಗ ವಯಸ್ಸಿಗೆ ಎಲ್ಲಿ ಬೆಲೆ, ಎಲ್ಲಿ ತೆರಿಗೆ ಎಂಬುದು ಸ್ಪಷ್ಟವಾಗುತ್ತದೆ. ಐಸ್ ಓದುವುದು, ಎದುರಾಳಿಯ ಮುಂದಿನ ಮೂರು ಕಲ್ಲುಗಳನ್ನು ಊಹಿಸುವುದು, ಸೋಲುತ್ತಿರುವಾಗ ಅವಸರ ಮಾಡದಿರುವುದು ಇವೆಲ್ಲ ವರ್ಷಗಳು ಕಲಿಸುವ ವಿದ್ಯೆ. ಕಲ್ಲನ್ನು ಎತ್ತಬೇಕಿಲ್ಲ, ಜಾರಿಸಿದರೆ ಸಾಕು. ಹಾಗಾಗಿ ತೋಳಿನ ಬಲ ನಿರ್ಣಾಯಕವಲ್ಲ. ಚಳಿಗಾಲದ ಒಲಿಂಪಿಕ್ಸ್‌ನ ದಾಖಲೆಗಳೂ ಇದನ್ನೇ ಹೇಳುತ್ತವೆ. 1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ಬ್ರಿಟನ್ ಪರ ಚಿನ್ನ ಗೆದ್ದ ರಾಬಿನ್ ವೆಲ್ಷ್ ಅವರಿಗೆ 54; ಸ್ವೀಡನ್ ಪರ ಬೆಳ್ಳಿ ಗೆದ್ದ ಕಾರ್ಲ್ ಆಗಸ್ಟ್ ಕ್ರೋನ್‌ಲುಂಡ್ ಅವರಿಗೆ 58. ಶಾಮೊನಿಯ ಆ ಕರ್ಲಿಂಗ್ ಪಂದ್ಯಗಳು ಅಧಿಕೃತವೋ ಪ್ರದರ್ಶನವೋ ಎಂಬ ಗೊಂದಲ ಎಂಬತ್ತು ವರ್ಷ ಇತ್ತು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಅವು ಅಧಿಕೃತವೇ ಎಂದು ಒಪ್ಪಿಕೊಂಡದ್ದು 2006ರ ಫೆಬ್ರುವರಿಯಲ್ಲಿ, ಹೊವಾರ್ಡ್ ಚಿನ್ನ ಗೆದ್ದ ತಿಂಗಳಲ್ಲೇ.

ಇನ್ನು ತೆರಿಗೆಯ ಮಾತು. ಕಲ್ಲು ಬಿಡುವವರು ಒಂದು ಕಾಲನ್ನು ಪೂರ್ತಿ ಮಡಚಿ, ಇನ್ನೊಂದನ್ನು ಹಿಂದಕ್ಕೆ ಚಾಚಿ, ನೆಲಕ್ಕೆ ತಾಗುವಷ್ಟು ತಗ್ಗಿ ಜಾರುತ್ತಾರೆ. ಮಂಡಿ, ಸೊಂಟ, ಬೆನ್ನು ಮೂರೂ ಇದಕ್ಕೆ ಒಪ್ಪಬೇಕು. ಪೊರಕೆ ಉಜ್ಜುವುದು ನೋಡಲು ತಮಾಷೆ. ಆದರೆ ಮೈಯ ಭಾರವನ್ನೆಲ್ಲ ಪೊರಕೆಯ ಮೇಲೆ ಹಾಕಿ, ಐಸ್ ಮೇಲೆ ಓಡುತ್ತ ಇಪ್ಪತ್ತು ಸೆಕೆಂಡು ಉಜ್ಜಿದರೆ ಎದೆಬಡಿತ ಏರಿರುತ್ತದೆ. ಎಂಟು ಎಂಡ್‌ನ ಒಂದು ಪಂದ್ಯದಲ್ಲಿ ತಂಡವೊಂದು 64 ಕಲ್ಲು ಬಿಡುತ್ತದೆ. ದಿನಕ್ಕೆ ಎರಡು ಪಂದ್ಯ ಬಂದರೆ ಸಂಜೆ ಹೊತ್ತಿಗೆ ಭುಜ ಮಾತು ಕೇಳುವುದಿಲ್ಲ.

ಈ ತೆರಿಗೆ ಕಾಲು ಶತಮಾನದಿಂದ ಏರುತ್ತಲೇ ಬಂದಿದೆ. 1998ರ ನಗಾನೊ ಕೂಟದಲ್ಲಿ ಕರ್ಲಿಂಗ್ ಪದಕದ ಆಟವಾಗಿ ಮರಳಿದ ಮೇಲೆ ದೇಶದೇಶಗಳು ಹಣ ಹೂಡಿದವು. ಜಿಮ್ಮು, ತರಬೇತುದಾರ, ಆಹಾರ ತಜ್ಞ, ಮನಶ್ಶಾಸ್ತ್ರಜ್ಞ ಎಲ್ಲರೂ ಬಂದರು. ಮುಂಚೂಣಿಯ ಆಟಗಾರರು ವರ್ಷಪೂರ್ತಿ ಇದೇ ಉದ್ಯೋಗವಾಗಿ ಅಭ್ಯಾಸ ಮಾಡತೊಡಗಿದರು. ಬೆಳಗ್ಗೆ ಅಂಗಡಿ ತೆರೆದು, ಸಂಜೆ ಕ್ಲಬ್ಬಿಗೆ ಹೋಗಿ ಆಡುವವರಿಗೂ ಇವರಿಗೂ ಅಂತರ ಹೆಚ್ಚಿತು. ಹೊವಾರ್ಡ್ ಅವರ ಗೆಲುವು ಎಲ್ಲ ಐವತ್ತರವರಿಗೂ ತೆರೆದ ಬಾಗಿಲಲ್ಲ. ಆತ ಅದಕ್ಕೂ ಮೊದಲೇ ಎರಡು ಸಲ ವಿಶ್ವ ಚಾಂಪಿಯನ್ ಆಗಿದ್ದವರು. ಎದುರಾಳಿಯ ಕಲ್ಲುಗಳನ್ನೆಲ್ಲ ಬರಿದೇ ಬಡಿದು ಹೊರಹಾಕುತ್ತ ಆಟ ನೀರಸವಾದಾಗ, ಎಂಡ್‌ನ ಮೊದಲ ಕೆಲವು ಕಾವಲುಗಲ್ಲುಗಳನ್ನು (ಹೌಸ್ ಮುಂದೆ ಅಡ್ಡ ನಿಲ್ಲಿಸಿದ ಕಲ್ಲುಗಳನ್ನು) ಹೊರಹಾಕುವಂತಿಲ್ಲ ಎಂಬ ನಿಯಮ ಹುಟ್ಟಿದ್ದೇ ಆತನ ಅಭ್ಯಾಸದ ಕ್ರಮದಿಂದ. 1990ರಲ್ಲಿ ಮಾಂಕ್ಟನ್ ನಗರದ ಪಂದ್ಯಾವಳಿಯಲ್ಲಿ ಅದನ್ನು ಪರೀಕ್ಷಿಸಿದರು. ಮುಂದೆ ಜಗತ್ತೇ ಒಪ್ಪಿಕೊಂಡಿತು. ಅಂಥವರು ತಲೆಮಾರಿಗೊಬ್ಬರು. ಉಳಿದವರ ಪಾಲಿಗೆ ಅನುಭವದ ಬೆಲೆ ಉಳಿದಿದೆ, ಮೈಯ ತೆರಿಗೆ ಏರಿದೆ. ಎದುರಾಳಿಗಳಿಬ್ಬರಿಗೂ ಒಂದೇ ತೆರಿಗೆ ಇರುವ ಕಡೆ ಮಾತ್ರ ಅನುಭವಗಳ ನಿಜವಾದ ಪೈಪೋಟಿ ಸಾಧ್ಯ. ಹಿರಿಯರ ಚಾಂಪಿಯನ್‌ಶಿಪ್ ಒದಗಿಸುವುದು ಆ ಅಂಗಳವನ್ನು.

ಕೆನಡಾದಲ್ಲಿ ಪುರುಷರ ಹಿರಿಯರ ರಾಷ್ಟ್ರೀಯ ಪಂದ್ಯಾವಳಿ ಶುರುವಾದದ್ದು 1965ರಲ್ಲಿ. ಮಹಿಳೆಯರದು 1973ರಲ್ಲಿ. ಎಂಟು ವರ್ಷದ ಈ ಹಿಂದುಳಿತ ಇಡೀ ಆಟದ ಕಥೆಯ ಒಂದು ಸಣ್ಣ ನಕಲು. ಪುರುಷರ ಮುಖ್ಯ ರಾಷ್ಟ್ರೀಯ ಸ್ಪರ್ಧೆಯಾದ ‘ಬ್ರಿಯರ್’ ತಂಬಾಕು ಕಂಪನಿಯೊಂದರ ಆಶ್ರಯದಲ್ಲಿ 1927ರಲ್ಲೇ ಟೊರಾಂಟೊದಲ್ಲಿ ಆರಂಭವಾದರೆ, ಮಹಿಳೆಯರಿಗೆ ರಾಷ್ಟ್ರಮಟ್ಟದ ಸ್ಪರ್ಧೆ ಸಿಕ್ಕಿದ್ದು 1960ರ ದಶಕದಲ್ಲಿ. ಹಿರಿಯರ ಎರಡೂ ವಿಭಾಗಗಳು ಒಂದೇ ಊರಿನಲ್ಲಿ ಜೊತೆಯಾಗಿ ನಡೆಯುವ ಪದ್ಧತಿ ಬಂದದ್ದು 1985ರಿಂದ. ಈಗ ಗಂಡಸರ, ಹೆಂಗಸರ ಪಂದ್ಯಗಳು ಅಕ್ಕಪಕ್ಕದ ಪಟ್ಟಿಗಳಲ್ಲಿ ಏಕಕಾಲಕ್ಕೆ ಸಾಗುತ್ತವೆ.

ಸ್ಪರ್ಧೆಯ ಕಟ್ಟಡ ಕೆಳಗಿನಿಂದ ಮೇಲಕ್ಕೆ ಏಳುತ್ತದೆ. ಊರಿನ ಕ್ಲಬ್ಬಿನ ನಾಲ್ವರು ಗೆಳೆಯರು ತಂಡ ಕಟ್ಟಿ ಪ್ರಾಂತ್ಯದ ಅರ್ಹತಾ ಸುತ್ತುಗಳಿಗೆ ಹೋಗುತ್ತಾರೆ. ಪ್ರಾಂತ್ಯ ಗೆದ್ದವರು ರಾಷ್ಟ್ರೀಯ ಕಣಕ್ಕೆ. ಅಲ್ಲಿ ತಲಾ 14 ತಂಡ: ಹತ್ತು ಪ್ರಾಂತ್ಯಗಳದು, ಉತ್ತರದ ಮೂರು ಪ್ರದೇಶಗಳದು, ಜೊತೆಗೆ ‘ನಾರ್ದರ್ನ್ ಒಂಟಾರಿಯೊ’ದ್ದು. ಈ ಕೊನೆಯದು ಪ್ರಾಂತ್ಯವೇ ಅಲ್ಲ. ಒಂಟಾರಿಯೊ ಪ್ರಾಂತ್ಯದ ಉತ್ತರ ಭಾಗ ಅಷ್ಟೇ. ಆದರೂ 1927ರ ಮೊದಲ ಬ್ರಿಯರ್‌ನಿಂದಲೂ ಕರ್ಲಿಂಗ್‌ನ ಭೂಪಟದಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನ. ಇನ್ನು ಧ್ರುವ ಪ್ರದೇಶಕ್ಕೆ ಹತ್ತಿದಂತಿರುವ ನುನಾವುಟ್‌ನ ಜನಸಂಖ್ಯೆ ಸುಮಾರು ನಲವತ್ತು ಸಾವಿರ, ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು. ಕೋಟಿಗೂ ಹೆಚ್ಚು ಜನರಿರುವ ಒಂಟಾರಿಯೊದ ಪಕ್ಕದಲ್ಲಿ ಅದಕ್ಕೂ ಅಷ್ಟೇ ದೊಡ್ಡ ಫಲಕ, ಅಷ್ಟೇ ಪಂದ್ಯಗಳು. ಸೋಲು ಹೆಚ್ಚು, ನಿಜ. ಆದರೂ ಅವರಿಲ್ಲದೆ ಇದು ‘ರಾಷ್ಟ್ರೀಯ’ ಆಗುವುದಿಲ್ಲವೆಂದು ಆಟದ ಸಂಸ್ಥೆ ನಂಬಿದೆ.

2010ರ ದಶಕದ ಕೊನೆಯಲ್ಲಿ ಪಂದ್ಯಾವಳಿಯ ಕ್ರಮ ಹೀಗಿತ್ತು: ಏಳೇಳು ತಂಡಗಳ ಎರಡು ಗುಂಪು, ಅಲ್ಲಿಂದ ಮೇಲಿನವರ ಮತ್ತೊಂದು ಸುತ್ತು, ಆಮೇಲೆ ಸೆಮಿಫೈನಲ್ ಮತ್ತು ಫೈನಲ್. ಕೊನೆಯವರೆಗೆ ಹೋಗುವ ತಂಡ ಸುಮಾರು ಒಂದು ವಾರದಲ್ಲಿ ಹತ್ತಕ್ಕಿಂತ ಹೆಚ್ಚು ಪಂದ್ಯ ಆಡಿರುತ್ತದೆ. ಗೆದ್ದವರ ಎದುರು ಇನ್ನೊಂದು ಮೆಟ್ಟಿಲಿದೆ. 2002ರಲ್ಲಿ ಅಮೆರಿಕದ ಬಿಸ್ಮಾರ್ಕ್ ನಗರದಲ್ಲಿ ಶುರುವಾದ ವಿಶ್ವ ಹಿರಿಯರ ಕರ್ಲಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಮುಂದಿನ ವರ್ಷ ಕೆನಡಾದ ಧ್ವಜ ಹಿಡಿಯುವವರು ಅವರೇ. ಸ್ಕಾಟ್ಲೆಂಡ್, ಸ್ವೀಡನ್, ಅಮೆರಿಕದ ಹಿರಿಯ ತಂಡಗಳೂ ತಮ್ಮ ತಮ್ಮ ದೇಶದ ಸೋಸುವಿಕೆಯಿಂದ ಪಾರಾಗಿ ಅಲ್ಲಿಗೆ ಬರುತ್ತವೆ.

ಈ ಕಣಕ್ಕೆ ಬರುವವರು ಯಾರು? ಇಬ್ಬರ ಕಥೆ ಹೇಳಿದರೆ ಸಾಕು. ನೋವಾ ಸ್ಕೋಶಿಯಾದ ಕೊಲೀನ್ ಜೋನ್ಸ್ 1982ರಲ್ಲಿ ಮೊದಲ ಸಲ ರಾಷ್ಟ್ರೀಯ ಮಹಿಳಾ ಚಾಂಪಿಯನ್ ಆದಾಗ ಅವರಿಗೆ 22. ಆಮೇಲೆ ಹದಿನೇಳು ವರ್ಷ ಕಿರೀಟ ಸಿಗಲಿಲ್ಲ. 1999ರಲ್ಲಿ ಮತ್ತೆ ಗೆದ್ದವರು 2001ರಿಂದ 2004ರವರೆಗೆ ಸತತ ನಾಲ್ಕು ಸಲ ಗೆದ್ದರು. 2001 ಮತ್ತು 2004ರಲ್ಲಿ ವಿಶ್ವ ಪ್ರಶಸ್ತಿಯೂ ಬಂತು. ಈ ಅವಧಿಯಲ್ಲಿ ಅವರ ಹಗಲಿನ ಕೆಲಸ ಸಿಬಿಸಿ ದೂರದರ್ಶನದಲ್ಲಿ ಪತ್ರಕರ್ತೆಯಾಗಿ. ಐವತ್ತು ದಾಟಿದ ಮೇಲೆ ಅವರು ಹಿರಿಯರ ಕಣಕ್ಕಿಳಿದು, 2016ರಲ್ಲಿ ತಮ್ಮದೇ ಪ್ರಾಂತ್ಯದ ಡಿಗ್ಬಿ ಎಂಬ ಸಣ್ಣ ಊರಿನಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಮರುವರ್ಷ ಲೆತ್‌ಬ್ರಿಜ್‌ನಲ್ಲಿ ವಿಶ್ವ ಹಿರಿಯರ ಚಿನ್ನ. ಮೊದಲ ರಾಷ್ಟ್ರೀಯ ಪ್ರಶಸ್ತಿಗೂ ಈ ಚಿನ್ನಕ್ಕೂ ನಡುವೆ 35 ವರ್ಷ!

ಎರಡನೆಯ ಕಥೆ ಇನ್ನೂ ಸ್ವಾರಸ್ಯದ್ದು. 2002ರ ರಾಷ್ಟ್ರೀಯ ಮಹಿಳಾ ಫೈನಲ್‌ನಲ್ಲಿ ಜೋನ್ಸ್ ಎದುರು ಸೋತವರು ಸಸ್ಕಾಚೆವಾನ್‌ನ ಶೆರಿ ಆಂಡರ್ಸನ್. ಆ ಕಿರೀಟದ ಅಷ್ಟು ಹತ್ತಿರ ಹೋಗಿ ಬರಿಗೈಯಲ್ಲಿ ಮರಳಿದರು. ಹಿರಿಯರ ವಿಭಾಗಕ್ಕೆ ಬಂದ ಮೇಲೆ 2017, 2018, 2019 ಹೀಗೆ ಸತತ ಮೂರು ಸಲ ರಾಷ್ಟ್ರೀಯ ಪ್ರಶಸ್ತಿ ಅವರದಾಯಿತು. 2018ರಲ್ಲಿ ಸ್ವೀಡನ್ನಿನ ಓಸ್ಟರ್ಸುಂಡ್‌ನಲ್ಲಿ, 2019ರಲ್ಲಿ ನಾರ್ವೆಯ ಸ್ಟಾವಂಗರ್‌ನಲ್ಲಿ ವಿಶ್ವ ಹಿರಿಯರ ಚಿನ್ನವನ್ನೂ ಗೆದ್ದರು. ಇದಕ್ಕಿಂತ ದೊಡ್ಡ ವಿಷಯ ಮತ್ತೊಂದಿದೆ. ಅದೇ ವರ್ಷಗಳಲ್ಲಿ ಆಕೆ ಕಿರಿಯರ ಜೊತೆಗಿನ ಮುಕ್ತ ಸ್ಪರ್ಧೆಯನ್ನೂ ಬಿಡಲಿಲ್ಲ. 2018ರಲ್ಲೂ 2021ರಲ್ಲೂ ಸಸ್ಕಾಚೆವಾನ್ ಪರವಾಗಿ, ತಮ್ಮ ಮಕ್ಕಳ ವಯಸ್ಸಿನವರೆದುರು ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಶಿಪ್ ಆಡಿದರು. ಹಿರಿಯರ ವಿಭಾಗವೆಂದರೆ ನಿವೃತ್ತರ ವಿಶ್ರಾಂತಿಧಾಮ ಎಂದು ಯಾರಾದರೂ ಹೇಳಿದರೆ ಆಂಡರ್ಸನ್ ಅವರ ಈ ವರ್ಷಗಳ ಪಟ್ಟಿಯನ್ನು ಮುಂದಿಟ್ಟರೆ ಸಾಕು.

ಹಾಗೆಂದು ಈ ಪಂದ್ಯಾವಳಿಗೆ ವಯಸ್ಸಿನ ನೆನಪು ಇಲ್ಲವೇ ಇಲ್ಲ ಅನ್ನಲಾಗದು. 2010ರ ದಶಕದ ಕೊನೆಯ ವರ್ಷಗಳಲ್ಲಿ ಇದರ ಅಧಿಕೃತ ಹೆಸರಿನ ಮುಂದೆ ‘ಎವರೆಸ್ಟ್’ ಎಂಬ ಪ್ರಾಯೋಜಕರ ಹೆಸರಿತ್ತು. ಶಿಖರದ ಹೆಸರು ಕೇಳಿ ಯಾವುದೋ ಕ್ರೀಡಾ ಸಾಮಗ್ರಿಯ ಕಂಪನಿ ಅಂದುಕೊಳ್ಳಬೇಡಿ. ಅಂತ್ಯಸಂಸ್ಕಾರದ ಯೋಜನೆ ಮಾಡಿಕೊಡುವ ಸಂಸ್ಥೆ ಅದು! ನಮ್ಮಲ್ಲಾದರೆ ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುತ್ತಿದ್ದರು. ಅಲ್ಲಿನ ಆಟಗಾರರು ಆ ಹೆಸರಿನ ಫಲಕದ ಕೆಳಗೇ ನಿಂತು ಪದಕ ಕೊರಳಿಗೆ ಹಾಕಿಸಿಕೊಂಡರು. ಕೊನೆಯ ಬಗ್ಗೆ ಮುಂದಾಗಿ ಯೋಚಿಸುವುದಕ್ಕೂ, ಇವತ್ತು ಸಂಜೆಯ ಪಂದ್ಯ ಗೆಲ್ಲುವುದಕ್ಕೂ ವಿರೋಧವೇನಿದೆ?

ಪಂದ್ಯಾವಳಿ ನಡೆಯುವ ಊರುಗಳ ಪಟ್ಟಿಯೂ ಗಮನಿಸುವಂಥದ್ದು. ಡಿಗ್ಬಿ, ಫಂಡಿ ಕೊಲ್ಲಿಯ ದಂಡೆಯಲ್ಲಿರುವ, ಸ್ಕಾಲಪ್ ಎಂಬ ಚಿಪ್ಪುಜೀವಿಯ ಮೀನುಗಾರಿಕೆಗೆ ಹೆಸರಾದ ಊರು. 2014ರಲ್ಲಿ ಚಾಂಪಿಯನ್‌ಶಿಪ್ ನಡೆದದ್ದು ಉತ್ತರ ಅಕ್ಷಾಂಶ 62 ಡಿಗ್ರಿಯಲ್ಲಿರುವ ಯೆಲ್ಲೊನೈಫ್‌ನಲ್ಲಿ. 2017ರಲ್ಲಿ ಫ್ರೆಡರಿಕ್ಟನ್, 2018ರಲ್ಲಿ ಸ್ಟ್ರಾಟ್‌ಫರ್ಡ್, 2019ರಲ್ಲಿ ಚಿಲಿವಾಕ್. ಟೊರಾಂಟೊ, ವ್ಯಾಂಕೂವರ್‌ಗಳ ಹೆಸರು ಈ ವರ್ಷಗಳ ಪಟ್ಟಿಯಲ್ಲಿಲ್ಲ. ಬ್ರಿಯರ್‌ನಂಥ ಸ್ಪರ್ಧೆಗೆ ಸಾವಿರಾರು ಆಸನಗಳ ಒಳಾಂಗಣ ಬೇಕು. ಇದಕ್ಕೆ ಒಳ್ಳೆಯ ಕ್ಲಬ್ಬು, ಕೆಲಸಕ್ಕೆ ನಿಲ್ಲುವ ಊರಿನವರು ಇದ್ದರೆ ಸಾಕು. ಅಂಕ ಬರೆಯುವವರು, ಕಾರಿನಲ್ಲಿ ಕರೆತರುವವರು, ಸೂಪು ಬಡಿಸುವವರು ಸ್ವಯಂಸೇವಕರು. 28 ತಂಡಗಳು ವಾರವಿಡೀ ಬೀಡುಬಿಟ್ಟರೆ ಅಂಥ ಊರಿನ ಹೋಟೆಲುಗಳಿಗೂ ಚಳಿಗಾಲದಲ್ಲಿ ಒಂದಿಷ್ಟು ವ್ಯಾಪಾರ.

ಈ ಆಟ ಐವತ್ತಕ್ಕೂ ನಿಲ್ಲುವುದಿಲ್ಲ. ಅರವತ್ತು ದಾಟಿದವರಿಗೆ ‘ಮಾಸ್ಟರ್ಸ್’ ಎಂಬ ಇನ್ನೊಂದು ರಾಷ್ಟ್ರೀಯ ಚಾಂಪಿಯನ್‌ಶಿಪ್ ಇದೆ. ಮಂಡಿ ಮಡಚಲು ಆಗದವರಿಗೆ ‘ಡೆಲಿವರಿ ಸ್ಟಿಕ್’ ಬಂದಿದೆ: ಉದ್ದನೆಯ ಕೋಲಿನ ತುದಿಯನ್ನು ಕಲ್ಲಿನ ಹಿಡಿಗೆ ಸಿಕ್ಕಿಸಿ, ನೆಟ್ಟಗೆ ನಿಂತು ನಡೆಯುತ್ತಲೇ ಕಲ್ಲನ್ನು ತಳ್ಳಿಬಿಡಬಹುದು. ಕೋಲಿನವರಿಗೇ ಇಬ್ಬಿಬ್ಬರ ತಂಡಗಳ, ಆರು ಎಂಡ್‌ಗಳ ಬೇರೆ ಬಗೆಯ ಆಟವೂ ಬೆಳೆದಿದೆ. ಅದರಲ್ಲಿ ಓಡಾಟ ಕಡಿಮೆ, ಉಜ್ಜಾಟ ಕಡಿಮೆ. ಲೆಕ್ಕಾಚಾರ ಮಾತ್ರ ಅಷ್ಟೇ. ಗಾಲಿಕುರ್ಚಿಯ ಕರ್ಲಿಂಗ್ ಕೂಡ ಇದೇ ಕೋಲನ್ನು ನೆಚ್ಚಿಕೊಂಡಿದೆ.

ಅಪಾಯಗಳಿಲ್ಲವೆಂದಲ್ಲ. ಕರ್ಲಿಂಗ್ ಆಡುವವರ ಒಂದು ಕಾಲಿನ ಶೂ ಜಾರುವಂಥದ್ದು, ಇನ್ನೊಂದರದ್ದು ಹಿಡಿತದ್ದು. ಆಯತಪ್ಪಿ ಹಿಂದಕ್ಕೆ ಬಿದ್ದರೆ ತಲೆ ಗಡಸು ಐಸಿಗೆ ಬಡಿಯುತ್ತದೆ. ವಯಸ್ಸಾದವರಿಗೆ ಇದು ಚಿಕ್ಕ ಮಾತಲ್ಲ. ಅದಕ್ಕೇ ಅನೇಕ ಕ್ಲಬ್ಬುಗಳು ಹಿರಿಯರಿಗೂ ಹೊಸಬರಿಗೂ ಒಳಪದರವಿರುವ ಟೋಪಿ ಅಥವಾ ಹೆಲ್ಮೆಟ್ ಹಾಕಿಕೊಳ್ಳಲು ಹೇಳುತ್ತವೆ. 2020ರಲ್ಲಿ ಕೊರೊನಾ ಬಂದಾಗ ಹಿರಿಯರ ಚಾಂಪಿಯನ್‌ಶಿಪ್ ರದ್ದಾಯಿತು. ಅಪಾಯವನ್ನು ಮರೆಮಾಚದೆ, ಅದಕ್ಕೆ ತಕ್ಕ ವ್ಯವಸ್ಥೆ ಮಾಡಿಕೊಂಡು ಆಟವನ್ನು ಮುಂದುವರಿಸುವುದು ಅಲ್ಲಿನವರ ರೀತಿ.

ಕರ್ಲಿಂಗ್‌ನಲ್ಲಿ ಇನ್ನೊಂದು ಹಳೆಯ ಸಂಪ್ರದಾಯ ಉಂಟು. ಚಲಿಸುತ್ತಿರುವ ಕಲ್ಲಿಗೆ ಪೊರಕೆಯೋ ಕಾಲೋ ತಗುಲಿದರೆ, ತಗುಲಿಸಿದವರೇ ಕೈಯೆತ್ತಿ ಹೇಳಬೇಕು. ಎದುರಾಳಿ ಒಳ್ಳೆಯ ಕಲ್ಲು ಬಿಟ್ಟರೆ ಮೆಚ್ಚಬೇಕು. ಎಡವಿದರೆ ಚಪ್ಪಾಳೆ ತಟ್ಟಬಾರದು. ಇನ್ನು ಗೆಲ್ಲಲು ಸಾಧ್ಯವಿಲ್ಲವೆಂದು ಖಾತ್ರಿಯಾದರೆ ಕೈಕುಲುಕಿ ಪಂದ್ಯ ಮುಗಿಸಬಹುದು. ಕ್ಲಬ್ಬಿನಲ್ಲಾದರೆ ಆಟ ಮುಗಿದ ಮೇಲೆ ಗೆದ್ದವರು ಸೋತವರಿಗೆ ಮೊದಲ ಸುತ್ತಿನ ಪಾನೀಯ ಕೊಡಿಸುವುದು ವಾಡಿಕೆ. ಹದಿನಾರನೆಯ ಶತಮಾನದ ಸ್ಕಾಟ್ಲೆಂಡಿನ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಆಡುತ್ತಿದ್ದ ಆಟ ವಲಸಿಗರ ಜೊತೆ ಹಡಗೇರಿ ಹೋಗಿ, 1807ರಲ್ಲಿ ಮಾಂಟ್ರಿಯಲ್‌ನಲ್ಲಿ ಕ್ಲಬ್ಬಾಗಿ ಬೇರೂರಿತು. ಇಂದು ಅದರ ಶಿಷ್ಟಾಚಾರವನ್ನು ಕಿರಿಯರಿಗೆ ದಾಟಿಸುವವರು ಈ ಐವತ್ತು, ಅರವತ್ತರ ಆಟಗಾರರೇ. ವಾರಾಂತ್ಯದಲ್ಲಿ ಮಕ್ಕಳಿಗೆ ಕಲಿಸುವವರು, ಐಸ್ ಸಿದ್ಧಮಾಡುವವರು, ಕ್ಲಬ್ಬಿನ ಲೆಕ್ಕ ಬರೆಯುವವರು ಬಹುಪಾಲು ಅವರೇ. ಅವರನ್ನು ಆಟದಲ್ಲಿ ಉಳಿಸಿಕೊಂಡರೆ ಆಟವೇ ಉಳಿಯುತ್ತದೆ.

ಆದ್ದರಿಂದ ಮೊದಲ ಪ್ರಶ್ನೆಗೆ ಉತ್ತರ ಸರಳ. ಹಿರಿಯರ ಚಾಂಪಿಯನ್‌ಶಿಪ್ ಸಮಾಧಾನಕರ ಬಹುಮಾನವಲ್ಲ. ಹಾಗಾಗಿದ್ದರೆ ಪ್ರಾಂತ್ಯದ ಸೋಸುವಿಕೆ, ವಾರವಿಡೀ ಪಂದ್ಯಗಳು, ಅಲ್ಲಿಂದ ವಿಶ್ವ ಕಣ ಇದೆಲ್ಲ ಬೇಕಿರಲಿಲ್ಲ. ಒಂದು ಸನ್ಮಾನ, ಒಂದು ಶಾಲು ಸಾಕಿತ್ತು. ಹಿರಿಯರಿಗೆ ಕೊಡಬಹುದಾದ ದೊಡ್ಡ ಗೌರವವೆಂದರೆ ಅವರು ಸೋಲಬಹುದಾದ ಪಂದ್ಯವೊಂದನ್ನು ಕೊಡುವುದು. ಕೆನಡಾದ ಕರ್ಲಿಂಗ್ 1965ರಿಂದ ಅದನ್ನು ಕೊಡುತ್ತ ಬಂದಿದೆ.

ಕೊನೆಗೆ, ಮಕ್ಕಳ ಮನೆಗೆಂದು ಕೆನಡಾಕ್ಕೆ ಹೋಗುವ ನಮ್ಮ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಚಳಿಗಾಲ ಬಂತೆಂದರೆ ಹೀಟರ್ ಪಕ್ಕ ಕೂತು ಕಿಟಕಿಯಾಚೆ ಹಿಮ ನೋಡುತ್ತ ದಿನ ಎಣಿಸಬೇಕಾಗಿಲ್ಲ. ಹತ್ತಿರದಲ್ಲಿ ಕರ್ಲಿಂಗ್ ಕ್ಲಬ್ಬು ಇದೆಯೇ ಎಂದು ಮಗನನ್ನೋ ಸೊಸೆಯನ್ನೋ ವಿಚಾರಿಸಲು ಹೇಳಿ. ಹೊಸಬರಿಗೆ ಕಲಿಸುವ ದಿನಗಳನ್ನು ಹಲವು ಕ್ಲಬ್ಬುಗಳು ಇಟ್ಟುಕೊಂಡಿರುತ್ತವೆ. ಕಲ್ಲು ಅವರೇ ಕೊಡುತ್ತಾರೆ, ಮಂಡಿ ನೋವಿದ್ದರೆ ಕೋಲೂ ಇದೆ. ತಲೆಗೆ ಹೆಲ್ಮೆಟ್ ಹಾಕಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.